ಉದ್ದನೆಯ ಪೋಲಿಷ್ ಗುಣವಾಚಕಗಳನ್ನು ಎಲ್ಲಿ ಒಡೆಯಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಕೆಲಸಕ್ಕೆ ಅಂತ ಪೋಲೆಂಡಿನ ವ್ರೊತ್ಸ್ವಾಫ್ ನಗರಕ್ಕೆ ಬಂದು ಎಂಟು ತಿಂಗಳಾಯಿತು. ಸಂಜೆ ಪೋಲಿಷ್ ಕ್ಲಾಸಿಗೆ ಹೋಗುತ್ತೇನೆ. ಚಿಕ್ಕ ಪದ ಪರವಾಗಿಲ್ಲ. ಆದರೆ 'ನಯ್‌ನ್ಯೆಬೆಸ್ಪ್ಯೆಚ್‌ನ್ಯೆಯ್‌ಷಿ' (najniebezpieczniejszy) ಥರದ್ದು ಬಂದರೆ ನಾಲಿಗೆ ನಿಂತೇ ಬಿಡುತ್ತದೆ. 'ಎಲ್ಲಕ್ಕಿಂತ ಅಪಾಯಕಾರಿ' ಅಂತ ಅರ್ಥವಂತೆ. ಬರೆದರೆ 21 ಅಕ್ಷರ! ಹೇಗೆ ಒಡೆದು ಓದಬೇಕು?

ಉತ್ತರ: ಮೊದಲು ಸ್ವರ ಎಣಿಸಿ. ಪೋಲಿಷ್‌ನಲ್ಲಿ ಸಾಮಾನ್ಯವಾಗಿ ಎಷ್ಟು ಸ್ವರವೋ ಉಚ್ಚಾರದಲ್ಲಿ ಅಷ್ಟೇ ತುಂಡು. ಈ ಪದದಲ್ಲಿ ಒಂಬತ್ತು ಸ್ವರಾಕ್ಷರ ಕಾಣುತ್ತವೆ, 'ವೈ' (y) ಕೂಡ ಅಲ್ಲಿ ಸ್ವರವೇ. ಆದರೆ 'ಐ' (i) ಆದ ಕೂಡಲೇ ಇನ್ನೊಂದು ಸ್ವರ ಬಂದರೆ ಆ 'ಐ' ಲೆಕ್ಕಕ್ಕಿಲ್ಲ. ಅದು ಹಿಂದಿನ ವ್ಯಂಜನವನ್ನು ಮೆದು ಮಾಡುವ ಗುರುತು. ನಾವು 'ನ'ಗೆ ಯ-ಒತ್ತು ಕೊಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಅಂಥವು ಮೂರಿವೆ. ಉಳಿದದ್ದು ಆರು:

ನಯ್-ನ್ಯೆ-ಬೆಸ್-ಪ್ಯೆಚ್-ನ್ಯೆಯ್-ಷಿ.

ಹೇಳುವಾಗ ದನಿಯ ಒತ್ತು ಬೀಳುವುದು ಕೊನೆಯಿಂದ ಎರಡನೆಯ ತುಂಡಿನ ಮೇಲೆ, 'ನ್ಯೆಯ್' ಮೇಲೆ. ಎಸ್ ಮತ್ತು ಝೆಡ್ ಜೊತೆಯಾಗಿ ಬಂದರೆ ಅದು ಒಂದೇ ಧ್ವನಿ, ನಮ್ಮ 'ಷ'ಗೆ ಹತ್ತಿರ. ಅದನ್ನು ಯಾವತ್ತೂ ಸೀಳಬೇಡಿ.

ಈಗ ಅರ್ಥಕ್ಕೆ ಬನ್ನಿ. ನನಗೆ ತುಂಬಾ ಇಷ್ಟವಾದ ಭಾಗ ಇದು. 'ಪ್ಯೆಚಾ' ಅಂದರೆ ಕಾಳಜಿ. 'ಬೆಸ್' (bez) ಅಂದರೆ ಇಲ್ಲದೆ. ಕಾಳಜಿ ಮಾಡಬೇಕಾಗಿಲ್ಲದ್ದು, ಅಂದರೆ ಸುರಕ್ಷಿತ. ನಮ್ಮ 'ನಿಶ್ಚಿಂತೆ' ಹುಟ್ಟಿದ್ದೂ ಹೀಗೇ ಅಲ್ವಾ? ಅದಕ್ಕೆ 'ನ್ಯೆ' ಸೇರಿಸಿದರೆ ಅಲ್ಲ ಅಂತ, ಸುರಕ್ಷಿತವಲ್ಲದ್ದು. ಕೊನೆಯ 'ಎಯ್‌ಷಿ' ಇನ್ನೂ ಹೆಚ್ಚು ಅನ್ನುತ್ತದೆ. ಪದದ ಶುರುವಿನ 'ನಯ್' ಎಲ್ಲಕ್ಕಿಂತ ಅನ್ನುತ್ತದೆ.

ಪ್ರಶ್ನೆ: ಹಾಗಾದರೆ ಉಚ್ಚಾರದ ತುಂಡೂ ಅರ್ಥದ ತುಂಡೂ ಒಂದೇನಾ ಮೇಡಂ?

ಉತ್ತರ: ಇಲ್ಲ, ಎಲ್ಲರೂ ಎಡವುವುದು ಇಲ್ಲೇ. 'ಊರಲ್ಲಿ' ತಗೊಳ್ಳಿ. ಬಾಯಲ್ಲಿ ಊ-ರಲ್-ಲಿ. ಅರ್ಥದಲ್ಲಿ ಊರು ಮತ್ತು ಅಲ್ಲಿ. ಪೋಲಿಷ್‌ನ 'ಬೆಜಿಮ್ಯೆನ್ನಿ' (bezimienny) ಕೂಡ ಹಾಗೇ. ಹೆಸರಿಲ್ಲದ ಅಂತ ಅರ್ಥ. ಹೇಳುವಾಗ ಝೆಡ್ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ. ಬರೆಯುವಾಗ ಸಾಲಿನ ಕೊನೆಯಲ್ಲಿ ಮುರಿಯಬೇಕಾದರೆ ಝೆಡ್ ಅನ್ನು 'ಬೆಸ್' ಜೊತೆಗೇ ಉಳಿಸಿ, 'ಇಮ್ಯೆ' ಅನ್ನೋ ಹೆಸರಿನ ಭಾಗ ಕೆಳಗಿನ ಸಾಲಿಗೆ ಹೋಗಲಿ. ಈ 'ಇಮ್ಯೆ' ನಮ್ಮ 'ನಾಮ'ದ ದೂರದ ನೆಂಟ.

ಪ್ರಶ್ನೆ (ಇನ್ನೊಬ್ಬರು): 'ತೊಂಬತ್ತು ವರ್ಷದ' ಅನ್ನೋ ಪೋಲಿಷ್ ಪದ (dziewięćdziesięcioletni) ಇನ್ನೂ ಉದ್ದ ಇದೆಯಲ್ಲ ಮೇಡಂ?

ಉತ್ತರ: ಹೌದು, 23 ಅಕ್ಷರ. ಆದರೂ ಏಳೇ ತುಂಡು: ಜೆ-ವ್ಯೆಂಜ್-ಜೆ-ಶೆಂ-ಚೊ-ಲೆತ್-ನಿ. ಅರ್ಥದಲ್ಲಿ ಮೂರು ಭಾಗ. ಮೊದಲು ಒಂಬತ್ತು, ಆಮೇಲೆ ಹತ್ತು, ಕೊನೆಗೆ 'ಲೆತ್ನಿ', ಅಂದರೆ ವರ್ಷದ. 'ಲಾತೊ' ಅಂದರೆ ಅಲ್ಲಿ ಬೇಸಿಗೆ, ವರ್ಷಗಳನ್ನು ಎಣಿಸುವ ಪದವೂ ಅದರಿಂದಲೇ ಬಂತು. ನಮ್ಮ 'ವರ್ಷ'ಕ್ಕೆ ಸಂಸ್ಕೃತದಲ್ಲಿ ಮಳೆ ಅನ್ನೋ ಅರ್ಥವೂ ಇದೆ. ಅವರು ಬೇಸಿಗೆ ಎಣಿಸಿದರು, ನಾವು ಮಳೆ ಎಣಿಸಿದೆವು.

ಹೇಳಿ ಅಭ್ಯಾಸ ಮಾಡುವಾಗ ಹಿಂದಿನಿಂದ ಬನ್ನಿ: ಲೆತ್ನಿ, ಚೊಲೆತ್ನಿ, ಶೆಂಚೊಲೆತ್ನಿ. ಒತ್ತು ಬೀಳುವ ಜಾಗ ಕೊನೆಯ ಕಡೆಗೇ ಇರುವುದರಿಂದ ಅದು ಮೊದಲೇ ಬಾಯಿಗೆ ಕೂರುತ್ತದೆ. ವಿಭಕ್ತಿ ಸೇರಿ 'ಲೆತ್ನ್ಯೆಗೊ' ಆದರೆ ಮಾತ್ರ ಒತ್ತನ್ನು 'ನ್ಯೆ' ಮೇಲೆ ತನ್ನಿ.