ಹೊಳಿ ನೀರು ನೋಡಿ ಗಾಳ ಹಾಕೋದು ಹೆಂಗ? ಶಕ್ತಿನಗರ, ಕಂಪ್ಲಿ ಕಡೆಯವರು ಹೇಳ್ರಿ

ಪ್ರಶ್ನೆ: ಮಂಗಳೂರಿನವರು ಉಬ್ಬರ-ಇಳಿತದ ಪಟ್ಟಿ ನೋಡಿಕೊಂಡು ನೇತ್ರಾವತಿಗೆ ಗಾಳ ಹಾಕ್ತಾರ. ನಮ್ಮ ಕೃಷ್ಣಾ, ತುಂಗಭದ್ರಾಕ್ಕ ಅಂಥಾ ಲೆಕ್ಕ ಏನರ ಐತೇನ್ರಿ? ಭಾನುವಾರ ಒಂದೇ ದಿನ ಬಿಡುವು. ಎಂಥಾ ನೀರಿಗೆ ಹೋದ್ರ ಚಲೋ?

ಗಂಗಾವತಿಯಿಂದ: ಉಬ್ಬರದ ಆ್ಯಪ್ ತೆಗೆದುಹಾಕ್ರಿ. ಅಲ್ಲಿ ಸಮುದ್ರ ಸುಮಾರು 12 ತಾಸು 25 ನಿಮಿಷಕ್ಕೊಮ್ಮೆ ಏರತದ, ಇಲ್ಲಿ ಹೊಳಿ ಏರೋದು ಗೇಟು ಎತ್ತಿದಾಗ. ತುಂಗಭದ್ರಾಕ್ಕ ಟಿಬಿ ಡ್ಯಾಂ, ರಾಯಚೂರು ಕಡೆಯ ಕೃಷ್ಣಾಕ್ಕ ನಾರಾಯಣಪುರ. ದಿನಾ ಬರುವ ಒಳಹರಿವು-ಹೊರಹರಿವಿನ ಅಂಕಿ ಮೂರು ದಿನದ್ದು ಸಾಲಾಗಿ ಬರ್ಕೊಳ್ರಿ. ಒಂದು ಮೋಸ ಐತಿ: ಒಟ್ಟು ಹೊರಹರಿವಿನೊಳಗ ಕಾಲುವೆ ನೀರೂ ಸೇರಿರತದ. ನಿಮಗ ಬೇಕಾಗಿದ್ದು ನದಿಗೆ ಬಿಟ್ಟಿದ್ದು ಮಾತ್ರ. ಅದು ಎಷ್ಟೈತಿ ಅನ್ನೋದಕ್ಕಿಂತ ಏರಾಕತ್ತೈತೋ, ಇಳ್ಯಾಕತ್ತೈತೋ, ನಿಂತೈತೋ ಅನ್ನೋದು ಮುಖ್ಯ. ನನ್ನ ಕೇಳಿದ್ರ, ಎರಡು ದಿನದಿಂದ ನಿಧಾನಕ್ಕ ಇಳಿದು ತಿಳಿಯಾಗ್ತಿರೋ ನೀರೇ ಎಲ್ಲಕ್ಕಿಂತ ಉತ್ತಮ.

ಕಂಪ್ಲಿಯಿಂದ: ಅಂಕಿ ಮನ್ಯಾಗ ನೋಡ್ರಿ, ದಂಡ್ಯಾಗ ಅಳೀರಿ. ದಂಡಿಗುಂಟ 10 ಮೀಟರ್ ಅಳೆದು ಒಣ ಕಡ್ಡಿ ತೇಲಿಬಿಡ್ರಿ. 40 ಸೆಕೆಂಡು ಹಿಡಿದ್ರ ಗಾಳ ಮುಳುಗಸಾಕ ದಾರಕ್ಕ 15 ಗ್ರಾಂ ಸೀಸದ ತೂಕ ಸಾಕು. 20 ಸೆಕೆಂಡಿಗೆ ದಾಟಿದ್ರ 40-60 ಗ್ರಾಂ ಬೇಕು, ಅದೂ ಚಪ್ಪಟೆ ಸೀಸ. ಗುಂಡಗಿಂದು ಉರುಳಿ ಬಂಡೆ ಸಂದ್ಯಾಗ ಸಿಗತದ. 10 ಸೆಕೆಂಡಿಗೇ ಹೋದ್ರ ನಡುಹೊಳಿ ಬಿಟ್ಟು ಸೇತುವೆ ಕಂಬದ ಹಿಂದಿನ ನಿಂತ ನೀರು ಹುಡುಕ್ರಿ.

ಇನ್ನೊಂದು: ನೀರಂಚಿಗೆ ಒಂದು ಕೋಲು ನೆಟ್ಟು 5 ಸೆಂ.ಮೀ.ಗೊಂದು ಗುರುತು ಹಾಕ್ರಿ. ಕಾಲು ತಾಸಿನೊಳಗ ಒಂದು ಗುರುತು ಮುಳುಗಿದ್ರ ಎದ್ದು ಬರ್ರಿ, ನಡುಗಡ್ಡೆ ಬಂಡೆ ಮ್ಯಾಲಂತೂ ಅಷ್ಟೂ ಕಾಯಬ್ಯಾಡ್ರಿ. “ನೀರು ಸೆಕೆಂಡಿಗೆ ಒಂದು ಮೀಟರ್, ಅಂದ್ರ ತಾಸಿಗೆ 3.6 ಕಿ.ಮೀ., ಡ್ಯಾಂನಿಂದ ಇಲ್ಲಿಗೆ ಬರಾಕ 9-10 ತಾಸು ಬೇಕು” ಅಂತ ಲೆಕ್ಕ ಹಾಕೋರು ಅದಾರ. ತಪ್ಪು. ಏರುವ ಅಲೆ ನೀರಿನ ವೇಗಕ್ಕಿಂತ ಮುಂದ ಓಡತದ, ಆರು ತಾಸಿಗೇ ಮುಟ್ಟಬಹುದು.

ಶಕ್ತಿನಗರದಿಂದ: ಮೀನಿನ ಮಾತು ಯಾರೂ ಎತ್ತಲಿಲ್ಲ. ಹೊಸನೀರು ಕೆಂಪಗ ಬಂದಾಗ ಮೀನು ಕಣ್ಣಿಗಿಂತ ವಾಸನೆ ನಂಬತದ. ಎರೆಹುಳ, ಕೋಳಿ ಕರುಳು ಹಾಕಿ ದಂಡಿ ಹತ್ತಿರನ ಬಿಡ್ರಿ, ಬಾಳೆ ಮೀನು ಅಲ್ಲೇ ತಿರುಗತಿರತದ. ಇಳಿಯುವ ನೀರಿಗೆ ರೋಹು, ಮೃಗಾಲ್, ತಳಕ್ಕ ಹಿಟ್ಟಿನುಂಡೆ. ಬೇಸಿಗೆಯ ನಿಂತ ತಿಳಿನೀರಿಗೆ ಬೆಳಕು ಹರಿಯೋ ಹೊತ್ತು ಮಾತ್ರ: ಜೊಂಡಿನ ಅಂಚಿಗೆ ಕೊರವ ಮೀನು. ಮಳೆಗಾಲದಾಗ ಹೊಟ್ಟೆ ಉಬ್ಬಿದ ರೋಹು, ಕಟ್ಲಾ ಸಿಕ್ಕರ ಮೊಟ್ಟೆ ಐತಿ, ವಾಪಸ್ ಬಿಡ್ರಿ.

ಊರ ಚರಂಡಿ ಕೂಡೋ ಜಾಗದಾಗ ಮೀನು ಮ್ಯಾಲೆ ಬಂದು ಬಾಯಿ ಬಡಿತಿದ್ರ ಹಸಿವಲ್ಲ, ನೀರಾಗ ಆಮ್ಲಜನಕ ಕಮ್ಮಿ. ಅಲ್ಲಿ ಹಿಡೀಬ್ಯಾಡ್ರಿ, ತಿನ್ನಬ್ಯಾಡ್ರಿ.

ಗಂಗಾವತಿಯಿಂದ ಮತ್ತ: ಮುದ್ಲಾಪುರದಿಂದ ಕಂಪ್ಲಿತನಕ 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅರಣ್ಯ ಇಲಾಖೆಯವರನ್ನ ಕೇಳದ ಅಲ್ಲಿ ಗಾಳ ಬಿಡಬ್ಯಾಡ್ರಿ. ಎರಡೂ ಹೊಳ್ಯಾಗ ಮೊಸಳೆ ಅದಾವ, ಮೊಳಕಾಲು ನೀರಿಗೂ ಇಳಿಯೋದು ಬ್ಯಾಡ.

ಕೇಳಿದವರು: ಹರಿವು ಇದ್ದಾಗ ಹಿಟ್ಟು ಕರಗಿ ಹೋಗ್ತದಲ್ರೀ?

ಶಕ್ತಿನಗರದಿಂದ: ನಿಂತ ನೀರಿಗೆ ಶೇಂಗಾ ಹಿಂಡಿ ಎರಡು ಪಾಲು, ಮೈದಾ ಒಂದು ಪಾಲು. ಹರಿಯೋ ನೀರಿಗೆ ಸಮ-ಸಮ. ಮನ್ಯಾಗ ಬಕೆಟ್ ನೀರಿಗೆ ಒಂದು ಉಂಡಿ ಹಾಕಿ ನೋಡ್ರಿ, 10 ನಿಮಿಷದೊಳಗ ಒಡದ್ರ ಇನ್ನಷ್ಟು ಮೈದಾ ಕಲಸ್ರಿ.