ಟೊಮೇಟೊ, ಮಾವಿನ ಸಿಪ್ಪೆ ಹಾಕಿ ಗ್ಯಾಸ್ ಮಾಡಿದ್ರೆ ಗಿಟ್ಟುತ್ತಾ?

ಕೇಳಿದವರು, ಶ್ರೀನಿವಾಸಪುರ ಕಡೆಯಿಂದ:
8 ಸೀಮೆಹಸು ಇದಾವೆ. ಪಕ್ಕದಲ್ಲೇ ಮಾವಿನ ಪಲ್ಪ್ ಫ್ಯಾಕ್ಟರಿ, ಸಿಪ್ಪೆ ಪುಕ್ಸಟ್ಟೆ ಕೊಡ್ತಾರೆ. ರೇಟ್ ಬಿದ್ದಾಗ ಟೊಮೇಟೊನೂ ಸಿಗುತ್ತೆ. ಗೋಬರ್ ಗ್ಯಾಸ್ ದೊಡ್ಡದಾಗೇ ಹಾಕಿ ಕರೆಂಟ್ ಮಾಡೋಣ ಅಂತಿದೀನಿ. ಹಾಕ್ಸಿರೋರು ಸ್ವಲ್ಪ ಹೇಳಿ.

ಮುಳಬಾಗಿಲು:
ಟೊಮೇಟೊ ಬಿಟ್ಬಿಡಿ ಅಣ್ಣ. ನೂರಕ್ಕೆ 94-95 ಭಾಗ ನೀರೇ ಅದು. ಒಂದು ಟನ್ ಸುರಿದ್ರೂ ಬರೋ ಗ್ಯಾಸು ಮನೆ ಸಿಲಿಂಡರ್ ಒಂದಕ್ಕೆ ಸಮ ಆಗೋದೂ ಕಷ್ಟ, ಮಂಡಿಯಿಂದ ತರೋ ಟ್ರ್ಯಾಕ್ಟರ್ ಬಾಡಿಗೆಗೇ ಸರಿಹೋಗುತ್ತೆ.

ಚಿಂತಾಮಣಿ:
ನಮ್ಮನೇಲಿ ಗೋಬರ್ ಗ್ಯಾಸ್ ಗುಂಡಿ ಇದೆ, ಅದಕ್ಕೇ ಹೇಳ್ತಿದೀನಿ. ಕೇಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸು, ನಿಮ್ಮ ಹಸುಗಳಿಂದ ದಿನಕ್ಕೆ 100 ಕೇಜಿ ಸಿಕ್ತು ಅಂದ್ಕೊಳ್ಳಿ, 4 ಘನ ಮೀಟರ್ ಆಯ್ತು, ಅದು ಒಲೆಗೆ ಹೋದ್ರೆ ಒಂದೂಮುಕ್ಕಾಲು ಕೇಜಿ ಎಲ್‌ಪಿಜಿ ಉಳಿಯುತ್ತೆ, ಅಂದ್ರೆ ಎಂಟು ದಿನಕ್ಕೊಂದು ಮನೆ ಸಿಲಿಂಡರ್. ಅದೇ ಗ್ಯಾಸು ಜನರೇಟರ್‌ಗೆ ಬಿಟ್ರೆ ಐದಾರು ಯೂನಿಟ್ ಕರೆಂಟು ಅಷ್ಟೇ! ಅದಕ್ಕೆ ಇಂಜಿನ್ ತಗೋಬೇಕು, ಕಬ್ಬಿಣದ ಚೂರಿನ ಫಿಲ್ಟರ್ ಹಾಕಿ ಗಂಧಕದ ಗ್ಯಾಸು ತೆಗೀಬೇಕು, ಇಲ್ಲಾಂದ್ರೆ ಇಂಜಿನ್ ಒಳಗೆಲ್ಲ ತಿಂದ್ಹಾಕುತ್ತೆ. ಯಾರಿಗೆ ಬೇಕು ಹೇಳಿ. ಸಿಪ್ಪೆ ಚೆನ್ನಾಗೇ ಗ್ಯಾಸ್ ಕೊಡುತ್ತೆ, ಆದ್ರೆ ವಾಟೆ ಆರಿಸಿ, ಕೊಚ್ಚಿ, ಸಗಣಿ ಜೊತೆ ದಿನಾ ಸ್ವಲ್ಪ ಸ್ವಲ್ಪ ಹಾಕಬೇಕು. ಒಂದೇ ಸಲ ಸುರಿದ್ರೆ ಗುಂಡಿ ಹುಳಿ ಬರುತ್ತೆ, ಗ್ಯಾಸು ಬರೋ ಥರ ಕಾಣುತ್ತೆ, ಬೆಂಕಿಕಡ್ಡಿ ಗೀರಿದ್ರೆ ಉರಿನೇ ಹಿಡಿಯಲ್ಲ. ಆಗ ಸಿಪ್ಪೆ ನಿಲ್ಲಿಸಿ ಸುಣ್ಣದ ತಿಳಿ ಹಾಕಿ ಕಾಯ್ಬೇಕು. ಅಲ್ದೆ ಫ್ಯಾಕ್ಟರಿ ಓಡೋದೇ ಮಾವಿನ ಸೀಸನ್‌ನಲ್ಲಿ, ಆಮೇಲೆ ದೊಡ್ಡ ಗುಂಡಿಗೆ ಏನ್ ಹಾಕ್ತೀರಾ? ನಮಗೆ ಗಿಟ್ಟಿದ್ದು ಸ್ಲರಿಯಿಂದ, ಅಂದ್ರೆ ಗ್ಯಾಸ್ ಬಂದ ಮೇಲೆ ಗುಂಡಿಯಿಂದ ಆಚೆ ಬರೋ ಬಗ್ಗಡ, ಹಿಪ್ನೇರಳೆಗೆ ಬಿಡ್ತೀವಿ, ಗೊಬ್ಬರದ ಖರ್ಚು ಕಮ್ಮಿ ಆಗಿದೆ.

ಕುಣಿಗಲ್:
ನಮ್ಮ ತಾಲೂಕಿನ ಪುರ ಅನ್ನೋ ಹಳ್ಳೀಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು ಊರಿಗೆಲ್ಲ ಒಂದೇ ಪ್ಲಾಂಟ್ ಹಾಕಿದ್ರು. ಅಡುಗೆಗೆ ಅಂತ ಶುರು ಮಾಡಿದ್ದು, ಎಲ್ಲಾ ಮನೆಗೂ ಸಾಕಾಗೋಷ್ಟು ಸಗಣಿ ಇರ್ಲಿಲ್ಲ. ಆಮೇಲೆ 1987ರಿಂದ ಡೀಸೆಲ್ ಜೊತೆ ಗ್ಯಾಸ್ ಬೆರೆಸಿ ಇಂಜಿನ್ ಓಡಿಸಿ ದೀಪ, ಕುಡಿಯೋ ನೀರು ಕೊಟ್ರು. ಅಲ್ಲಿ ಕರೆಂಟ್‌ಗೆ ಅರ್ಥ ಇತ್ತು, ಇಡೀ ಊರ ಸಗಣಿ ಬರ್ತಿತ್ತು. 8 ಹಸು ಇಟ್ಕೊಂಡು ಆ ಕಥೆ ಬೇಡ. ಇನ್ನೊಂದು, ತೆಂಗಿನ ನಾರಿನ ಪುಡಿ ಯಾರಾದ್ರೂ ಹಾಕಿ ಅಂದ್ರೆ ಕೇಳ್ಬೇಡಿ, ಕೊಳೆಯೋದೇ ಇಲ್ಲ.

ಕೇಳಿದವರು:
ಕರೆಂಟ್ ಕೈಬಿಟ್ಟೆ. ನಮ್ಮ ಭಾವಂದು ರೋಡ್ ಪಕ್ಕದಲ್ಲೇ ಹೋಟ್ಲಿದೆ, ಪೈಪ್ ಎಳೆದು ಅಲ್ಲಿಗೇ ಗ್ಯಾಸ್ ಕೊಟ್ರೆ?

ಚಿಂತಾಮಣಿ:
ಅದು ಮಾಡಿ. ಕಮರ್ಷಿಯಲ್ ಸಿಲಿಂಡರ್ ರೇಟ್‌ಗೆ ಲೆಕ್ಕ ಹಾಕಿದ್ರೆ ದುಡ್ಡು ಬೇಗ ವಾಪಸ್ ಬರುತ್ತೆ, ಹೋಟ್ಲಲ್ಲಿ ಮಿಕ್ಕಿದ ಅನ್ನನೂ ಗುಂಡಿಗೇ ಹಾಕ್ಬಹುದು. ಪೈಪ್‌ನ ಇಳಿಜಾರಾಗಿ ಎಳೆಸಿ, ಪೈಪ್ ಒಳಗೆ ಕಟ್ಟೋ ನೀರು ಆಚೆ ಬಿಡೋಕೆ ತಗ್ಗಲ್ಲಿ ಒಂದು ನಲ್ಲಿ ಇಡ್ಸಿ. ಗುಂಡಿ ಮೇಲೆ ಗ್ಯಾಸ್ ಹಿಡಿದಿಡೋ ಡೂಮ್ ಕಟ್ಟೋಕೆ ಮಾತ್ರ ಮುಂಚೆ ಕಟ್ಟಿ ಗೊತ್ತಿರೋ ಮೇಸ್ತ್ರಿನೇ ಕರೀರಿ, ಒಂದು ಬಿರುಕು ಬಿಟ್ರೂ ಗ್ಯಾಸ್ ನಿಲ್ಲಲ್ಲ.