ಕೋಟೆಯ ಹಳೇ ಚಿತ್ರಗಳು: ಫೋಟೋನೋ, ಅಚ್ಚೋ? ಕಾಪಾಡೋದು ಹೇಗೆ?

ದುರ್ಗದ_ಓದುಗ:
ಚಿತ್ರದುರ್ಗದ ನಮ್ಮ ವಾಚನಾಲಯಕ್ಕೆ ಹಳೇ ಮನೆಯೊಂದರಿಂದ ಒಂದು ಟ್ರಂಕ್ ಬಂದಿದೆ. ಕೋಟೆ ಬಾಗಿಲು, ಹೊಂಡಗಳ ಪೋಸ್ಟ್‌ಕಾರ್ಡ್, ರಟ್ಟಿಗೆ ಅಂಟಿಸಿದ ಗ್ರೂಪ್ ಫೋಟೋ, ಕಟ್ಟು ಹಾಕಿಸಿದ ಲಕ್ಷ್ಮಿ, ಸರಸ್ವತಿ ಪಟಗಳಿವೆ. ಇಸವಿ ಎಲ್ಲೂ ಇಲ್ಲ. ಕಾಲ ಗುರುತಿಸೋದು ಹೇಗೆ? ಲ್ಯಾಮಿನೇಶನ್ ಮಾಡಿಸಬಹುದಾ?

ಹಳೇಕಾಗದ:
ಲ್ಯಾಮಿನೇಶನ್ ಬೇಡವೇ ಬೇಡ ಸರ್. ಬಿಸಿಗೆ ಜೆಲಟಿನ್ ಪದರ (ಫೋಟೋದ ಮೇಲೆ ಚಿತ್ರ ಹಿಡಿದಿಡುವ ತೆಳು ಅಂಟಿನಂಥ ಪದರ) ಕೆಡುತ್ತೆ, ಅಂಟು ಒಳಗಿಳಿದರೆ ಮತ್ತೆ ಬಿಡಿಸೋಕಾಗಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತಗೊಂಡು, ಚಿತ್ರದಲ್ಲಿ ಆಕಾಶ ಇರೋ ಜಾಗ ನೋಡಿ. ಚುಕ್ಕಿಗಳು ಸಾಲಾಗಿ ಕೂತಿದ್ರೆ ಹಾಫ್‌ಟೋನ್ ಅಚ್ಚು. ಸಾಲಿಲ್ಲದೆ, ಸಣ್ಣ ಹುಳು ಹರಿದಾಡಿದ ಹಾಗೆ ಸುಕ್ಕು ಸುಕ್ಕು ಕಂಡರೆ ಕೊಲೊಟೈಪ್, ಅದೂ ಒಂದು ಬಗೆಯ ಅಚ್ಚೇ. ಏನೂ ಒಡೆಯದೆ ಕಪ್ಪಿನಿಂದ ಬಿಳುಪಿಗೆ ನಯವಾಗಿ ಜಾರಿದ್ರೆ ನಿಜವಾದ ಫೋಟೋ. ಅದರಲ್ಲೂ ಕಾಗದದ ನಾರು ಕಾಣ್ತಾ, ಬಿಳಿ ಭಾಗ ಹಳದಿಗೆ ತಿರುಗಿದ್ರೆ ಬಹುಪಾಲು ಆಲ್ಬುಮೆನ್, ಅಂದ್ರೆ ಮೊಟ್ಟೆಯ ಬಿಳಿ ಲೋಳೆ ಬಳಿದ ಕಾಗದದ ಹಳೇ ಫೋಟೋ. ಓರೆಯಾಗಿ ಹಿಡಿದಾಗ ಅಂಚಿನ ಕಪ್ಪು ಭಾಗ ನೀಲಿಬೆಳ್ಳಿಯಂತೆ ಹೊಳೆದ್ರೆ ಜೆಲಟಿನ್ ಫೋಟೋ. ಆ ಹೊಳಪನ್ನ ಕೊಳೆ ಅಂತ ಒರೆಸಬೇಡಿ. ಚಿತ್ರದ ಬೆಳ್ಳಿಯೇ ಮೇಲೆ ಬಂದಿರೋದು.

ದಾವಣಗೆರೆ_ಅಂಚೆ:
ಕಾಲಕ್ಕೆ ಕಾರ್ಡಿನ ಹಿಂಬದಿ ನೋಡಿ. ನಡುವೆ ಗೆರೆಯಿಲ್ಲದೆ ಪೂರ್ತಿ ವಿಳಾಸಕ್ಕೇ ಬಿಟ್ಟಿದ್ರೆ ಹಳೇ ನಮೂನೆ, ಒಕ್ಕಣೆ ಚಿತ್ರದ ಕಡೆಗೇ ಬರೀಬೇಕಿತ್ತು. ಗೆರೆ ಹಾಕಿದ ಕಾರ್ಡಿಗೆ ಬ್ರಿಟನ್ 1902ರಲ್ಲಿ, ಜರ್ಮನಿ 1905ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಊರುಗಳ ಎಷ್ಟೋ ಕಾರ್ಡು ಜರ್ಮನಿಯಲ್ಲೇ ಅಚ್ಚಾಗಿ ಬರ್ತಿದ್ದವು. ಸ್ಟಾಂಪಿನಲ್ಲಿ ಏಳನೇ ಎಡ್ವರ್ಡ್ ಇದ್ರೆ 1902ರ ನಂತರ, ಐದನೇ ಜಾರ್ಜ್ ಇದ್ರೆ 1911ರ ನಂತರ. ಆದ್ರೆ ಅಂಚೆ ಮುದ್ರೆ ಹೇಳೋದು ಕಾರ್ಡು ಟಪಾಲಿಗೆ ಬಿದ್ದ ದಿನ ಮಾತ್ರ. ಫೋಟೋ ಹತ್ತು ವರ್ಷ ಮೊದಲಿನದ್ದೂ ಇರಬಹುದು. ಹಾಗಾಗಿ ದಾಖಲೆಯಲ್ಲಿ ಒಂದೇ ಇಸವಿ ಬರೆಯದೆ "1905–1915, ಆಧಾರ: ಹಿಂಬದಿಯ ಗೆರೆ" ಅಂತ ಬರೀರಿ.

ಪಟಗಳ ವಿಷಯ: ಇಂಥ ದೇವರ ಪಟಗಳನ್ನ ಅಚ್ಚು ಹಾಕ್ತಿದ್ದ, ಚಿತ್ರಕಾರ ರಾಜಾ ರವಿವರ್ಮರ ಪ್ರೆಸ್ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋಣಾವಳ ಹತ್ತಿರದ ಮಳವಲಿಗೆ ಹೋಯ್ತು. ಕೆಳಗಿನ ಅಂಚಿನ ಸಣ್ಣ ಅಕ್ಷರ ಕಟ್ಟಿನೊಳಗೆ ಮುಚ್ಚಿರುತ್ತೆ, ಅಲ್ಲೇ ಪ್ರೆಸ್ಸಿನ ಹೆಸರು ಸಿಗೋದು. ಅಂಚು ಕತ್ತರಿಸಿದ್ರೆ ಹೆಸರೂ ಹೋಯ್ತು. ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟಾಗ ಕಾಗದ ನೀಲಿಬಿಳುಪಾಗಿ ಹೊಳೆದ್ರೆ ಅದು 1950ರ ನಂತರದ ಪ್ರತಿ ಅಂತಲೇ ಅನುಮಾನಿಸಿ.

ಊರಿನ ಹೆಸರು ಹಾಕುವಾಗ ಎಚ್ಚರ. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹಳೇ ಬರಹ ಹಾಗೇ ಇಟ್ಟು, ಪಕ್ಕದಲ್ಲಿ ಇವತ್ತಿನ ಜಿಲ್ಲೆ ಸೇರಿಸಿ.

ಹಳೇಕಾಗದ:
ಸ್ಕ್ಯಾನ್: ಎರಡೂ ಬದಿ, 600 ಪಿಪಿಐ (ಇಂಚಿಗೆ 600 ಪಿಕ್ಸೆಲ್), ಬಣ್ಣದಲ್ಲೇ, ಟಿಫ್ (TIFF) ಕಡತ. ಮೂರೂವರೆ ಇಂಚು ಅಗಲ, ಐದೂವರೆ ಇಂಚು ಉದ್ದದ ಕಾರ್ಡಿಗೆ 2100×3300 ಪಿಕ್ಸೆಲ್ ಬರುತ್ತೆ. ಸಂಖ್ಯೆಯನ್ನ ಹಿಂಬದಿ ಮೂಲೆಯಲ್ಲಿ 2ಬಿ ಪೆನ್ಸಿಲ್‌ನಿಂದ, ಒತ್ತದೆ ಬರೀರಿ. ಬಾಲ್‌ಪೆನ್ ಗೀರು ಮುಂದೆ ಉಬ್ಬುತ್ತೆ. ಒಂದೊಂದನ್ನೂ ಆಮ್ಲರಹಿತ ಕಾಗದದ ಲಕೋಟೆಗೆ ಹಾಕಿ. ಪಿವಿಸಿ ಪ್ಲಾಸ್ಟಿಕ್ ಕವರು, ಸೆಲೋಟೇಪು, ಅಂಟಿನ ಆಲ್ಬಮ್ಮು ಮೂರೂ ಬೇಡ. ಹುಳ ಬಾರದಿರಲಿ ಅಂತ ಇಡುವ ಬೇವಿನೆಲೆಯೂ ಕಲೆ ಬಿಡುತ್ತೆ.

ದುರ್ಗದ_ಓದುಗ:
ತುಂಬಾ ಉಪಕಾರ. ಒಂದು ಗ್ರೂಪ್ ಫೋಟೋ ಗಾಜಿಗೇ ಅಂಟಿಕೊಂಡಿದೆ. ನೀರು ಚಿಮುಕಿಸಿ ಬಿಡಿಸಬಹುದಾ?

ಹಳೇಕಾಗದ:
ಬೇಡ. ಮಳೆಗಾಲದ ತೇವಕ್ಕೆ ಜೆಲಟಿನ್ ಮೆತ್ತಗಾಗಿ ಗಾಜು ಹಿಡಿದಿದೆ. ಎಳೆದ್ರೆ ಮುಖಗಳೇ ಗಾಜಿಗೆ ಉಳೀತವೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಹಾಗೇ ಚಪ್ಪಟೆಯಾಗಿ ಇಡಿ. ಬಿಡಿಸೋದು ಕನ್ಸರ್ವೇಟರ್ (ಹಳೇ ಚಿತ್ರ, ಕಾಗದ ಕಾಪಾಡುವ ತಜ್ಞರು) ಕೆಲಸ.